ನೆಬ್ರಾಸ್ಕಾದ ಪುಟ್ಟ ಊರಿನ ಸೆನ್ಸಸ್ ಅಂಕಿ ನಂಬಬಹುದಾ?

ತಿಪಟೂರು_ತೆಂಗು:
ನಮ್ಮ ಮನೆಯವರಿಗೆ ಅಮೆರಿಕದ ಉತ್ತರ ನೆಬ್ರಾಸ್ಕಾದ ಒಂದು ಸಣ್ಣ ಊರಿನ ಕ್ಲಿನಿಕ್‌ನಲ್ಲಿ ಕೆಲಸ ಸಿಕ್ಕಿದೆ. ಊರು ಹೇಗಿದೆ ನೋಡೋಣ ಅಂತ ಸೆನ್ಸಸ್ ಪುಟ ತೆಗೆದೆ. ಜನಸಂಖ್ಯೆ ಮುನ್ನೂರು ಚಿಲ್ಲರೆ. ಹೆಚ್ಚುಕಡಿಮೆ ಎಲ್ಲರೂ ಬಿಳಿಯರು, ಏಷ್ಯನ್ನರು ಸೊನ್ನೆ. ನಾವು ನಾಲ್ಕು ಜನ ಹೋದರೆ ಒಂದೇ ದಿನಕ್ಕೆ ಶೇಕಡಾ ಒಂದಕ್ಕಿಂತ ಜಾಸ್ತಿ ಆಗುತ್ತೇವೆ! ಅದಿರಲಿ, ಮನೆಗಳ ಆದಾಯ ಮಾತ್ರ ಒಂದು ವರ್ಷದ ಪಟ್ಟಿಯಿಂದ ಮುಂದಿನದಕ್ಕೆ ಧಡಾರನೆ ಬಿದ್ದಿದೆ. ಊರು ಮುಳುಗುತ್ತಿದೆಯಾ? ಇಂಥ ಕಡೆ ಇದ್ದವರು ದಯವಿಟ್ಟು ಹೇಳಿ.

ಜೋಳದಹೊಲ:
ಗಾಬರಿ ಬೇಡ ಮೇಡಂ. ನಾನು ಅಯೋವಾದ ಹಳ್ಳಿಯೊಂದರಲ್ಲಿ ರೈತರ ಲೆಕ್ಕಪತ್ರ ಬರೆದುಕೊಂಡು ಬಹಳ ಕಾಲದಿಂದ ಇದ್ದೇನೆ. ನೀವು ನೋಡಿದ್ದು ಎರಡು ಬೇರೆ ಬೇರೆ ಲೆಕ್ಕ. ತಲೆ ಎಣಿಕೆ ಹತ್ತು ವರ್ಷಕ್ಕೊಮ್ಮೆ ಎಲ್ಲ ಮನೆಗೂ ಹೋಗುತ್ತದೆ. ಅದರಲ್ಲಿ ಆದಾಯ ಕೇಳುವುದೇ ಇಲ್ಲ. 2000ರ ತನಕ ಸುಮಾರು ಆರು ಮನೆಗೆ ಒಂದರಂತೆ ಉದ್ದನೆ ಫಾರಂ ಕೊಟ್ಟು ಕೇಳುತ್ತಿದ್ದರು. ಈಗ ಆ ಕೆಲಸ ಅಮೆರಿಕನ್ ಕಮ್ಯುನಿಟಿ ಸರ್ವೇಯದ್ದು. ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಕ್ಕೆ ಹೋಗುತ್ತದೆ. ಸಣ್ಣ ಊರುಗಳಿಗೆ ಐದು ವರ್ಷದ ಉತ್ತರ ಸೇರಿಸಿ ಒಂದು ಅಂದಾಜು ಕೊಡುತ್ತಾರೆ. ಅಂಕಿಯ ಪಕ್ಕದಲ್ಲಿ ± ಇರುತ್ತದೆ, ಅದನ್ನು ನೋಡಿ. 50,000 ಡಾಲರ್ ± 20,000 ಅಂತಿದ್ದರೆ 30ರಿಂದ 70 ಸಾವಿರದ ಮಧ್ಯೆ ಎಲ್ಲಾದರೂ ಇರಬಹುದು. ಒಂದೆರಡು ಮನೆ ಆಚೀಚೆ ಆದರೂ ಊರೇ ಬಡವಾದ ಹಾಗೆ ಕಾಣುತ್ತದೆ.

ರೈತರದ್ದು ಇನ್ನೊಂದು ಕಥೆ. ಆದಾಯ ಅಂದರೆ ಖರ್ಚು ಕಳೆದು ಉಳಿದದ್ದು. ಮೆಕ್ಕೆಜೋಳದ ಬೆಲೆ ಬಿದ್ದ ವರ್ಷ ಮೈನಸ್ ಬರುವವರೂ ಇರುತ್ತಾರೆ. ಜಮೀನಿನ ಬೆಲೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರ ಶೆಡ್‌ನಲ್ಲಿ ನಿಂತ ಕಂಬೈನ್ ಹಾರ್ವೆಸ್ಟರ್‌ನ ಬೆಲೆ ಕೇಳಿದ ಮೇಲೆ ಬಡವರು ಅನ್ನೋಕೆ ಬಾಯಿ ಬರಲ್ಲ.

ತಲೆ ಎಣಿಕೆಯೂ ಪಕ್ಕಾ ಅಲ್ಲ. ನಿಮ್ಮ ನೆಬ್ರಾಸ್ಕಾದಲ್ಲೇ, ಬಾಯ್ಡ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ), ಮೊನೋವೈ ಅಂತ ಊರಿದೆ. 2000ದಲ್ಲಿ ಅಲ್ಲಿ ಇದ್ದದ್ದು ಗಂಡ ಹೆಂಡತಿ ಇಬ್ಬರೇ. 2004ರಲ್ಲಿ ಗಂಡ ತೀರಿಕೊಂಡರು, 2010ರ ಎಣಿಕೆಯಲ್ಲಿ ಆಕೆ ಒಬ್ಬರೇ. ಆಗ ಮೇಯರ್ ಅವರೇ, ಬಾರ್ ನಡೆಸುವವರೂ ಅವರೇ, ಲೈಸೆನ್ಸ್ ಕೊಡುವವರೂ ಅವರೇ! 2020ರ ಸೆನ್ಸಸ್ ಅಲ್ಲಿ 2 ಜನ ಅಂತ ತೋರಿಸಿತು. ಎರಡನೆಯವರು ಯಾರೂ ಇರಲಿಲ್ಲ. ಅಂಕಿ ನೋಡಿ ಇಂಥವರೇ ಅಂತ ಯಾರೂ ಗುರುತು ಹಿಡಿಯಬಾರದು ಅಂತ ಸೆನ್ಸಸ್‌ನವರೇ ಸಣ್ಣ ಊರುಗಳ ಲೆಕ್ಕವನ್ನು ಸ್ವಲ್ಪ ಕದಡಿದ್ದರು. ಜನಾಂಗದ ಅಂಕಿಗೂ ಅದೇ ಗತಿ. ಹಾಗಾಗಿ ನಿಮ್ಮ ಊರಿನ ಆ ಸೊನ್ನೆಯನ್ನೂ ತೀರಾ ಗಟ್ಟಿಯಾಗಿ ಹಿಡಿಯಬೇಡಿ.

ಕಾಫಿ_ಡಿಕಾಕ್ಷನ್:
ಸುಮ್ನೆ ಒಂದು ಮಾತು: 1920ರಿಂದ 1940ರ ಸೆನ್ಸಸ್‌ಗಳಲ್ಲಿ ನಮ್ಮವರನ್ನು ‘ಹಿಂದೂ’ ಅಂತ ಜನಾಂಗದ ಕಾಲಂನಲ್ಲೇ ಬರೆಯುತ್ತಿದ್ದರು, ಸಿಖ್ಖರಾದರೂ ಸರಿ. 1970ರಲ್ಲಿ ಬಿಳಿಯರ ಲೆಕ್ಕಕ್ಕೆ ಹಾಕಿದರು. ‘ಏಷ್ಯನ್ ಇಂಡಿಯನ್’ ಬಂದದ್ದು 1980ರಲ್ಲಿ. ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರು) ಅನ್ನುವುದು 2020ರಲ್ಲೂ ಜನಾಂಗವಲ್ಲ, ಬೇರೆ ಪ್ರಶ್ನೆ. ಹಾಗಾಗಿ ಪಟ್ಟಿಯ ಶೇಕಡಾ ಕೂಡಿಸಿ ನೂರು ದಾಟಿತು ಅಂತ ತಲೆ ಕೆಡಿಸಿಕೊಳ್ಳಬೇಡಿ.

ತಿಪಟೂರು_ತೆಂಗು:
ಎಲ್ಲರಿಗೂ ಥ್ಯಾಂಕ್ಸ್. ± ಈಗ ನೋಡಿದೆ. ಎರಡು ವರ್ಷದ ಅಂಕಿಗಳೂ ಒಂದರೊಳಗೊಂದು ಬರುತ್ತವೆ, ಅಂದರೆ ಬಿದ್ದಿದೆ ಅನ್ನೋಕೇ ಆಗಲ್ಲ ಅಲ್ವಾ? ಹಾಗಾದರೆ ಯಾವ ಲೆಕ್ಕ ನೋಡಲಿ?

ಜೋಳದಹೊಲ:
ಹೌದು, ಅನ್ನೋಕಾಗಲ್ಲ. ಕೌಂಟಿಯ ಲೆಕ್ಕ ನೋಡಿ, ಅಲ್ಲಿ ± ಸಾಮಾನ್ಯವಾಗಿ ಚಿಕ್ಕದು. ಐದೈದು ವರ್ಷದ ಎರಡು ಪಟ್ಟಿ ಹೋಲಿಸುವಾಗ ಒಂದೇ ವರ್ಷ ಎರಡರಲ್ಲೂ ಬರದ ಹಾಗೆ ಆರಿಸಿಕೊಳ್ಳಿ. ಅದಕ್ಕಿಂತ ಮೊದಲು ಶಾಲೆಗೆ ಒಂದು ಫೋನ್ ಮಾಡಿ, ಮಕ್ಕಳ ತರಗತಿಯಲ್ಲಿ ಎಷ್ಟು ಜನ ಇದ್ದಾರೆ ಕೇಳಿ. ಮತ್ತೆ ಅಕ್ಕಿ, ತೊಗರಿಬೇಳೆ ಅಲ್ಲಿನ ದೊಡ್ಡ ಪಟ್ಟಣ ಒಮಾಹಾದಲ್ಲೇ ಮೂಟೆಗಟ್ಟಲೆ ತುಂಬಿಕೊಂಡು ಹೋಗಿ.