ದಿನಾ ಹರಿವೆ, ಬಸಳೆ ತಿಂದ್ರೂ ಹಿಮೋಗ್ಲೋಬಿನ್ ಯಾಕೆ ಏರುದಿಲ್ಲ?

ಬ್ರಹ್ಮಾವರದವಳು:
ನಮಸ್ಕಾರ ಎಲ್ರಿಗೂ. ನನ್ನ ತಂಗಿಗೆ 27 ವರ್ಷ, ಹಿಮೋಗ್ಲೋಬಿನ್ 9.4 ಅಂತ ರಿಪೋರ್ಟ್ ಬಂದಿದೆ. ನಮ್ದು ಮೀನು ಮಾಂಸ ಇಲ್ಲದ ಮನೆ, ಆದ್ರೆ ಸೊಪ್ಪಿಗೆ ಕಡಿಮೆ ಇಲ್ಲ ಮಾರಾಯ್ರೆ, ಹಿತ್ತಲಲ್ಲೇ ಕೆಂಪು ಹರಿವೆ, ಬಸಳೆ ಚಪ್ಪರ ಉಂಟು, ಹುರುಳಿ ಸಾರು, ತಿಮರೆ ಚಟ್ನಿ ಎಲ್ಲ ಆಗ್ತಾ ಇರ್ತದೆ, ಉಣ್ಣುದು ಕುಚ್ಚಲಕ್ಕಿಯೇ. ಊಟ ಆದ ಕೂಡ್ಲೆ ಅವಳಿಗೆ ಒಂದು ಗ್ಲಾಸ್ ಖಡಕ್ ಚಾ ಆಗ್ಬೇಕು. ಮೆಟ್ಟಿಲು ಹತ್ತಿದ್ರೆ ಸಾಕು ಏದುಸಿರು ಬರ್ತದೆ. ತಿಂದದ್ದೆಲ್ಲ ಎಲ್ಲಿಗೆ ಹೋಗುದು? ಡಾಕ್ಟ್ರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ಹೊಟ್ಟೆ ತೊಳಸ್ತದೆ ಅಂತ ಸರಿ ತೆಗೊಳ್ಳುದಿಲ್ಲ ಅವಳು.

ಕದ್ರಿ ಗುಡ್ಡೆ:
ಅಕ್ಕ, ಜೀರ್ಣ ಆಗುದು ಬೇರೆ, ಮೈಗೆ ಹತ್ತುದು ಬೇರೆ. ಕಾಲೇಜಲ್ಲಿ ಇದೇ ಪಾಠ ಮಾಡುದು ನಾನು, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ. ಕಬ್ಬಿಣ ಒಳಗೆ ಹೋಗುದು ಹೆಚ್ಚಾಗಿ ಜಠರ ದಾಟಿದ ಕೂಡ್ಲೆ ಸಿಗುವ ಡುಯೋಡಿನಮ್‌ನಲ್ಲಿ, ಅದು ಬರೀ 25 ಸೆಂಟಿಮೀಟರಿನಷ್ಟು ಉದ್ದ. ಸೊಪ್ಪು, ಧಾನ್ಯ, ಬೇಳೆಯಲ್ಲಿರುವ ಕಬ್ಬಿಣ ಹೆಚ್ಚಾಗಿ ಫೆರಿಕ್ ರೂಪದಲ್ಲಿ ಇರ್ತದೆ, ಅದನ್ನು ಕರುಳಿನ ಕೋಶ ಹಾಗೇ ತೆಗೊಳ್ಳುದಿಲ್ಲ, ಫೆರಸ್ ಆಗಿ ಬದಲಾಗ್ಬೇಕು. ವಿಟಮಿನ್ ಸಿ ಆ ಕೆಲಸಕ್ಕೆ ಸಹಾಯ ಮಾಡ್ತದೆ. ಚಾದಲ್ಲಿರುವ ಟ್ಯಾನಿನ್ ಮಾಡುದು ಉಲ್ಟಾ, ಕಬ್ಬಿಣವನ್ನು ಹಿಡಿದುಕೊಂಡು ಬಿಡುದೇ ಇಲ್ಲ. ಊಟದ ಒಟ್ಟಿಗೆ ಚಾ ಕುಡಿದ್ರೆ ಸೇರುವ ಕಬ್ಬಿಣ ಅರ್ಧಕ್ಕಿಂತಲೂ ಕಡಿಮೆ ಆಗ್ಬಹುದು. ಕಾಫಿಯೂ ಹಾಗೆಯೇ.

ನಮ್ಮ ಮೈಯಿಂದ ದಿನಕ್ಕೆ ಖರ್ಚಾಗುದು 1ರಿಂದ 2 ಮಿಲಿಗ್ರಾಂ ಕಬ್ಬಿಣ ಅಷ್ಟೇ. ಆದ್ರೂ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಅಂತ ಇಟ್ಟದ್ದು ಯಾಕೆ? ನಮ್ಮ ಊಟದಲ್ಲಿ ನೂರರಲ್ಲಿ ಎಂಟು ಪಾಲಿನಷ್ಟು ಮಾತ್ರ ಒಳಗೆ ಸೇರ್ತದೆ ಅನ್ನುವ ಲೆಕ್ಕದಲ್ಲಿ. ಅಂದ್ರೆ ತಟ್ಟೆಯಲ್ಲಿ ಎಷ್ಟುಂಟು ಅನ್ನುದಕ್ಕಿಂತ ಅದರ ಜೊತೆ ಏನುಂಟು ಅನ್ನುದು ದೊಡ್ಡ ವಿಷಯ. ಹುರುಳಿಯನ್ನು ಮೊಳಕೆ ಬರಿಸಿ ಮಾಡಿ, ಕಾಳಿನಲ್ಲಿದ್ದು ಕಬ್ಬಿಣ ಸೇರದ ಹಾಗೆ ತಡೆಯುವ ಫೈಟೇಟ್ ಕಡಿಮೆ ಆಗ್ತದೆ, ಹುಳಿ ಬರಿಸಿದ ಇಡ್ಲಿ ಹಿಟ್ಟಿನಲ್ಲೂ ಅದೇ. ಪಲ್ಯ ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಿ, ಕುದಿಯುವಾಗ ಹಿಂಡಿದ್ರೆ ವಿಟಮಿನ್ ಸಿ ಹಾಳಾಗ್ತದೆ. ಊಟದ ಒಟ್ಟಿಗೆ ಒಂದು ಪೇರಳೆ ತಿಂದ್ರೆ ಇನ್ನೂ ಒಳ್ಳೇದು. ಚಾ ಬಿಡ್ಬೇಕು ಅಂತಿಲ್ಲ, ಊಟಕ್ಕೂ ಚಾಕ್ಕೂ ನಡುವೆ ಒಂದು ಗಂಟೆಯಾದ್ರೂ ಬಿಡ್ಲಿ.

ಮಲ್ಪೆ ಬಂದರು:
ಇದು ನಿಮ್ಮ ಮನೆಗೆ ಆಗುದಿಲ್ಲ ಅಕ್ಕ, ಓದುವ ಬೇರೆಯವರಿಗೆ ಹೇಳುದು. ಮೀನು, ಮಾಂಸದಲ್ಲಿರುವ ಹೀಮ್ ಕಬ್ಬಿಣ ಬೇರೆ ದಾರಿಯಲ್ಲಿ ಒಳಗೆ ಹೋಗ್ತದೆ, ಚಾ ಅದನ್ನು ಅಷ್ಟು ತಡೆಯುದಿಲ್ಲ. ಸೊಪ್ಪಿನ ಒಟ್ಟಿಗೆ ಸ್ವಲ್ಪ ಬಂಗುಡೆಯೋ ಮರುವಾಯಿ ಸುಕ್ಕವೋ ಇದ್ರೆ ಸೊಪ್ಪಿನ ಕಬ್ಬಿಣವೂ ಜಾಸ್ತಿ ಸೇರ್ತದೆ. ನಮ್ಮಲ್ಲಿ ಹೆಂಗಸರು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವಾಗ ಮೀನಿನ ತುಂಡು ಮುಗಿದು ಬರೀ ಸಾರು ಉಳಿದಿರ್ತದೆ, ಅದು ಮೊದಲು ನಿಲ್ಬೇಕು.

ಬ್ರಹ್ಮಾವರದವಳು:
ತುಂಬ ಉಪಕಾರ. ಒಂದು ಡೌಟು, ಲಿಂಬೆ ಬದ್ಲು ಪುನರ್ಪುಳಿ ಸಾರು ಆಗುದಿಲ್ವಾ? ಹುಳಿ ಉಂಟಲ್ಲ.

ಕದ್ರಿ ಗುಡ್ಡೆ:
ಹುಳಿ ಇದ್ದದ್ದರಲ್ಲೆಲ್ಲ ವಿಟಮಿನ್ ಸಿ ಇರ್ಬೇಕು ಅಂತಿಲ್ಲ. ಪುನರ್ಪುಳಿಯ ಹುಳಿ ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಸಿಡ್, ಹುಣಸೆಹುಳಿಯದ್ದು ಟಾರ್ಟಾರಿಕ್. ಸಾರು ಕುಡೀಲಿ, ಅದಕ್ಕೆ ಏನಿಲ್ಲ, ಆದ್ರೆ ಲಿಂಬೆಯೋ ನೆಲ್ಲಿಕಾಯಿಯೋ ಬೇರೆ ಇರ್ಲಿ.

ಲ್ಯಾಬ್ ಅಕ್ಕ:
ಊಟದ ವಿಷಯ ಎಲ್ಲ ಸರಿ ಹೇಳಿದ್ದಾರೆ. ಆದ್ರೆ 9.4 ಅಂದ್ರೆ ಲಿಂಬೆ ಹಿಂಡಿ ಸರಿ ಮಾಡುವ ಮಟ್ಟ ಅಲ್ಲ, ಹೆಂಗಸರಿಗೆ 12 ಆದ್ರೂ ಇರ್ಬೇಕು. ಮಾತ್ರೆ ಬೇಕೇ ಬೇಕು, ದಯವಿಟ್ಟು ನಿಲ್ಲಿಸ್ಲಿಕ್ಕೆ ಬಿಡ್ಬೇಡಿ. ಹೊಟ್ಟೆ ತೊಳಸ್ತದೆ ಅಂತ ಡಾಕ್ಟ್ರ ಹತ್ರ ಬಾಯಿಬಿಟ್ಟು ಹೇಳ್ಲಿ, ಒಂದು ದಿನ ಬಿಟ್ಟು ಒಂದು ದಿನ ಕೊಡುವ ಕ್ರಮವೂ ಉಂಟು. ಅದಕ್ಕೆ ಕಾರಣ ಉಂಟು, ಮಾತ್ರೆ ತೆಗೊಂಡ ಮೇಲೆ ಲಿವರಿನಿಂದ ಹೆಪ್ಸಿಡಿನ್ ಅನ್ನುವ ಹಾರ್ಮೋನು ಜಾಸ್ತಿ ಬಂದು ಕರುಳಿನ ಕೋಶದಿಂದ ರಕ್ತಕ್ಕೆ ಹೋಗುವ ಬಾಗಿಲನ್ನೇ ಮುಚ್ಚಿಸ್ತದೆ, ಮರುದಿನದ ಮಾತ್ರೆಯ ಕಬ್ಬಿಣ ಕೋಶದೊಳಗೇ ಕೂತು, ಮೂರ್ನಾಲ್ಕು ದಿನದಲ್ಲಿ ಆ ಕೋಶ ಉದುರುವಾಗ ಅದರ ಒಟ್ಟಿಗೇ ಹೊರಗೆ ಹೋಗ್ತದೆ. ಹಾಲಿನ ಒಟ್ಟಿಗೆ, ಗ್ಯಾಸಿನ ಮಾತ್ರೆ ಒಟ್ಟಿಗೆ ತೆಗೊಳ್ಳುದು ಬೇಡ. ಮಲ ಕಪ್ಪಾದ್ರೆ ಹೆದರ್ಬೇಡಿ, ಅದು ಮಾತ್ರೆಯದ್ದೇ.

ಇನ್ನೊಂದು, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗ್ತದಾ ಅಂತ ತಂಗಿಯನ್ನು ಕೇಳಿ. ಎಷ್ಟೋ ಜನ ಅದನ್ನು ಹೇಳುದೇ ಇಲ್ಲ, ಎಲ್ರಿಗೂ ಹಾಗೆಯೇ ಅಂತ ಅಂದ್ಕೊಂಡಿರ್ತಾರೆ. ಸಸ್ಯಾಹಾರಿ ಮನೆ ಆದ ಕಾರಣ ಬಿ12 ಕೂಡ ನೋಡಿಸಿ, ಅದು ಸೊಪ್ಪಿನಲ್ಲಿ ಸಿಗುದಿಲ್ಲ, ಹಾಲು ಮೊಸರಿನಿಂದಲೇ ಬರ್ಬೇಕು. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟುಂಟು ಅಂತ ತೋರಿಸುವ ಫೆರಿಟಿನ್ ಟೆಸ್ಟ್ ಮಾಡಿಸುದಾದ್ರೆ ಜ್ವರ ಗಿರ ಇಲ್ಲದಾಗ ಮಾಡಿಸಿ, ಜ್ವರದಲ್ಲಿ ಫೆರಿಟಿನ್ ಏರಿರ್ತದೆ, ಕಬ್ಬಿಣ ಕಡಿಮೆ ಇದ್ರೂ ರಿಪೋರ್ಟ್ ನಾರ್ಮಲ್ ಅಂತ ಬರ್ತದೆ.