ಪದಚರ್ಚೆ: ‘ಸ್ಟೇಷನ್ ವ್ಯಾಗನ್’ಗೆ ಕನ್ನಡ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.
ಸುಬಾರು ಲೆಗಸಿ ಎಂಬ ಜಪಾನಿ ಕಾರಿನ ಬಗ್ಗೆ ಒಂದು ಲೇಖನದ ಅನುವಾದ ಇಂದು ರಾತ್ರಿಯೇ ಪುಟಕ್ಕೆ ಹೋಗಬೇಕು. ‘ಸ್ಟೇಷನ್ ವ್ಯಾಗನ್’ಗೆ ಸದ್ಯಕ್ಕೆ ‘ಸರಕು ಕಾರು’ ಅಂತ ಹಾಕಿದ್ದೇನೆ. ‘ಟ್ವಿನ್ ಟರ್ಬೊ’ಗೆ ‘ಅವಳಿ ಟರ್ಬೊ’, ‘ಟ್ವಿನ್ ಸ್ಕ್ರೋಲ್’ಗೂ ಅದೇ ಸಾಕಲ್ಲವೇ? ‘ಬಾಕ್ಸರ್ ಎಂಜಿನ್’ಗೆ ಏನೂ ಹೊಳೆಯುತ್ತಿಲ್ಲ.
–ವಿ.

> ‘ಸರಕು ಕಾರು’

ದಯವಿಟ್ಟು ಬೇಡ. ಲೇಖನದ ಬುಡವೇ ಅಲ್ಲಾಡುತ್ತದೆ. ಜಪಾನಿನಲ್ಲಿ ಇದೇ ಉದ್ದ ಚಾವಣಿಯ ಆಕಾರದ ಗಾಡಿಗಳಿಗೆ ‘ಲೈಟ್ ವ್ಯಾನ್’ ಅನ್ನುತ್ತಿದ್ದರು; ಅವು ಅಂಗಡಿ, ಕಂಪನಿಗಳ ಸರಕು ಹೊರುವ ಗಾಡಿಗಳು. ನಂಬರ್ ಪ್ಲೇಟಿನ ವರ್ಗಸಂಖ್ಯೆ ನೋಡಿದರೇ ತಿಳಿಯುತ್ತಿತ್ತು: 4ರಿಂದ ಶುರುವಾದರೆ ಸರಕಿನದು, 5 (ಚಿಕ್ಕ ಕಾರು) ಅಥವಾ 3ರಿಂದ (ದೊಡ್ಡದು) ಆದರೆ ಜನರದು. 1989ರಲ್ಲಿ ಫುಜಿ ಹೆವಿ ಇಂಡಸ್ಟ್ರೀಸ್ (ಈಗ ಸುಬಾರು ಕಾರ್ಪೊರೇಷನ್) ಲೆಗಸಿ ತಂದಾಗ ಅದರ ವ್ಯಾನ್ ರೂಪವನ್ನು ಮಾಡಲೇ ಇಲ್ಲ. ವ್ಯಾಗನ್ನಿಗೇ ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಕೂರಿಸಿ 200 ಪಿಎಸ್‌ನ (ಅಶ್ವಶಕ್ತಿ) ಜಿಟಿ ಮಾದರಿ ಮಾಡಿದರು. ಅಗಲ 1.7 ಮೀಟರಿನೊಳಗೆ, ಎಂಜಿನ್ 1994 ಸಿಸಿ, ಹಾಗಾಗಿ 5ರ ಪ್ಲೇಟು. ‘ಇದು ಸರಕಿನ ಗಾಡಿಯಲ್ಲ’ ಅನ್ನುವುದೇ ಆ ಕಾರಿನ ಹೆಚ್ಚುಗಾರಿಕೆ. ನೀವು ಅದನ್ನೇ ತಲೆಬರಹದಲ್ಲಿ ಸರಕು ಮಾಡಿದ್ದೀರಿ.

‘ಟೂರಿಂಗ್ ವ್ಯಾಗನ್’ ಮಾದರಿಯ ಹೆಸರು, ಅದನ್ನು ಅನುವಾದಿಸಬೇಡಿ.
–ಮಂ.

ವ್ಯಾಗನ್ ಅಂದರೆ ಬಂಡಿ, ಅಷ್ಟೇ. ನಮ್ಮ ‘ವಾಹನ’ದ ‘ವಹ್’ ಧಾತುವೂ ಅವರ ‘ವ್ಯಾಗನ್’ನ ಬೇರೂ ಒಂದೇ, ಎರಡರಲ್ಲೂ ಹೊರುವ ಅರ್ಥವೇ ಇದೆ. ಸರಕು ಅಂದಿದ್ದರಲ್ಲಿ ತಪ್ಪೇನು? ಅದು ಬೇಡವಾದರೆ ಅಚ್ಚಗನ್ನಡದ ‘ನೀಳ್ಗಾರು’ ಬಳಸಿ. ಚಾವಣಿ ಹಿಂದಿನವರೆಗೂ ನೀಳವಾಗಿ ಹೋಗುತ್ತದಲ್ಲ.
–ಶಂ.

> ‘ನೀಳ್ಗಾರು’

ಮುಂಗಾರು, ಹಿಂಗಾರಿನ ಜೊತೆಗೆ ಇದು ಮೂರನೆಯ ಮಳೆಗಾಲ ಅಂದುಕೊಂಡಾರು. ಇಂಗ್ಲಿಷಿನ ‘ಕಾರ್’ಗೆ ಆದೇಶ ಸಂಧಿ ಮಾಡಿಬಿಟ್ಟರೆ ಅಚ್ಚಗನ್ನಡ ಆಗಿಬಿಡುತ್ತದೆಯೇ?

ಧಾತುವಿನಿಂದ ಇಂದಿನ ಅರ್ಥ ಹೊರಡುವುದಿಲ್ಲ. ‘ಸ್ಟೇಷನ್’ ಸೇರಿದ್ದು ಅಮೆರಿಕದಲ್ಲಿ, ರೈಲು ನಿಲ್ದಾಣದಿಂದ ಜನರನ್ನೂ ಅವರ ಪೆಟ್ಟಿಗೆಗಳನ್ನೂ ಒಟ್ಟಿಗೆ ಒಯ್ಯುತ್ತಿದ್ದ ಗಾಡಿಗಳಿಂದ. ಬ್ರಿಟನ್ನಿನವರು ‘ಎಸ್ಟೇಟ್’ ಅನ್ನುತ್ತಾರೆ. ಟಾಟಾದವರೂ ಅದೇ ಹೆಸರಿನಲ್ಲಿ ಒಂದು ಕಾರು ಮಾರಿದರು. ಆದರೆ ಕೊಡಗು, ಚಿಕ್ಕಮಗಳೂರಿನಲ್ಲಿ ಎಸ್ಟೇಟ್ ಅಂದರೆ ಕಾಫಿ ತೋಟ. ‘ಸ್ಟೇಷನ್ ವ್ಯಾಗನ್’ ಅಂತಲೇ ಬರೆದು, ಮೊದಲ ಸಲ ಬಂದಲ್ಲಿ ‘ಚಾವಣಿ ಹಿಂಬಾಗಿಲವರೆಗೂ ಚಾಚಿದ ಕಾರು’ ಅಂದುಬಿಡಿ.
–ಮಂ.

ಟರ್ಬೊ ವಿಷಯ ಯಾರೂ ಮುಟ್ಟಿಲ್ಲ, ನಿಜವಾದ ತಪ್ಪು ಅಲ್ಲಿದೆ.

1993ರ ಎರಡನೇ ತಲೆಮಾರಿನಲ್ಲಿ ಇರುವುದು ಎರಡು ಟರ್ಬೊ, ಆದರೆ ಅವಳಿಯಲ್ಲ. ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ನಿನ ನಿಮಿಷದ ಸುತ್ತು) ಹೊಗೆಯೆಲ್ಲ ಮೊದಲನೆಯದಕ್ಕೇ ಹೋಗುತ್ತದೆ. 4000ದ ಆಸುಪಾಸಿನಲ್ಲಿ ಒಂದು ವಾಲ್ವ್ ಸ್ವಲ್ಪ ತೆರೆದು ಎರಡನೆಯದನ್ನು ಮೊದಲೇ ತಿರುಗಿಸುತ್ತದೆ, ಆಮೇಲೆ ಎರಡೂ ಕೂಡುತ್ತವೆ. ಈ ಕೈಬದಲಾವಣೆಯ ಹೊತ್ತಿಗೆ ಟಾರ್ಕ್ (ತಿರುಗಿಸುವ ಬಲ) ಒಂದು ಕ್ಷಣ ಕುಸಿಯುತ್ತದೆ. ಮಾಲೀಕರು ಅದನ್ನು ಸಾವಿನ ಕಣಿವೆ ಅನ್ನುತ್ತಾರೆ. ಕನ್ನಡದಲ್ಲಿ ‘ತಗ್ಗು’ ಸಾಕು. ಅಣ್ಣ ದಣಿಯುವಾಗ ತಮ್ಮ ಹೆಗಲು ಕೊಡುವ ಏರ್ಪಾಡು, ಆದ್ದರಿಂದ ‘ಸರದಿ ಟರ್ಬೊ’.

ಲೇಖನದಲ್ಲಿ ರಿಪೇರಿಯ ಮಾತಿದ್ದರೆ ಎಚ್ಚರ. ಎರಡನೆಯದು ಕೂಡಿಕೊಳ್ಳದಿದ್ದರೆ ಟರ್ಬೊ ಸತ್ತಿದೆ ಎಂದೇ ಬರೆಯಬೇಡಿ. ಎಷ್ಟೋ ಸಲ ತಪ್ಪು ಸೊಲೆನಾಯ್ಡ್‌ಗಳಿಗೆ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಚಿಕ್ಕ ವಾಲ್ವ್‌ಗಳು) ಹೋಗುವ ಸಣ್ಣ ವ್ಯಾಕ್ಯೂಮ್ ಪೈಪುಗಳಲ್ಲಿರುತ್ತದೆ: ರಬ್ಬರ್ ಬಿಸಿಗೆ ಗಟ್ಟಿಯಾಗಿ, ತುದಿಯಲ್ಲಿ ಸೀಳಿ, ಗಾಳಿ ಸೋರುತ್ತದೆ. ಪೈಪುಗಳನ್ನು ಒಂದೊಂದಾಗಿ ಬದಲಿಸಬೇಕು; ಎಲ್ಲ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿಗೆ ಎಂಬುದೇ ಗೊತ್ತಾಗದು.

1996ರ ಜಿಟಿ-ಬಿಯಲ್ಲಿ ‘ಬಿ’ ಅಂದರೆ ಬಿಲ್‌ಸ್ಟೈನ್, ಶಾಕ್ ಅಬ್ಸಾರ್ಬರ್ ಮಾಡಿದವರು. ಮ್ಯಾನ್ಯುಯಲ್ ಗೇರಿನಲ್ಲಿ 280 ಪಿಎಸ್. ಅದು ಆಗ ಜಪಾನಿನ ತಯಾರಕರು ತಮ್ಮೊಳಗೇ ಹಾಕಿಕೊಂಡಿದ್ದ ಮಿತಿ.

2003ರ ನಾಲ್ಕನೇ ತಲೆಮಾರಿನಲ್ಲಿ ಟರ್ಬೊ ಒಂದೇ. ‘ಟ್ವಿನ್’ ಅನ್ನುವುದು ಹೊಗೆ ಒಳಬರುವ ಹಾದಿಗೆ: 1 ಮತ್ತು 2ನೇ ಸಿಲಿಂಡರಿನದು ಒಂದು ಕಡೆ, 3 ಮತ್ತು 4ರದು ಇನ್ನೊಂದು ಕಡೆ. ಉರಿಯುವ ಸರದಿ 1-3-2-4 ಆದ್ದರಿಂದ ಒಂದರ ಹೊಗೆ ಇನ್ನೊಂದನ್ನು ತಡೆಯುವುದಿಲ್ಲ. ‘ಇಬ್ಬಾಯಿ ಟರ್ಬೊ’ ಅನ್ನಿ. ಇದನ್ನೂ ‘ಅವಳಿ’ ಅಂದರೆ ಓದುವವರು ಇಲ್ಲದ ಟರ್ಬೊ ಹುಡುಕುತ್ತಾರೆ. ಹೊಗೆಕೊಳವೆಗಳ ಉದ್ದ ಸಮವಾದದ್ದರಿಂದ ಹಳೆಯ ಸುಬಾರುವಿನ ಸದ್ದೂ ಹೋಯಿತು. ಜಪಾನಿಯರು ಅದಕ್ಕೆ ‘ದೊಕೊದೊಕೊ’ ಅನ್ನುತ್ತಾರೆ, ನಮ್ಮ ‘ದುಗುದುಗು’ ಚೆನ್ನಾಗಿ ಕೂರುತ್ತದೆ.
–ನಾ.

> ಬಾಕ್ಸರ್ ಎಂಜಿನ್

‘ಅಂಗಾತ ಎಂಜಿನ್’. ಸಿಲಿಂಡರುಗಳು ಅಂಗಾತ ಮಲಗಿವೆ, ಮುಗಿಯಿತು.
–ಶಂ.

ಮುಗಿಯಲಿಲ್ಲ. 180 ಡಿಗ್ರಿ ‘ವಿ’ ಎಂಜಿನ್ನೂ ಅಂಗಾತವೇ ಮಲಗಿರುತ್ತದೆ. ಅದರಲ್ಲಿ ಎದುರಿನ ಎರಡು ಪಿಸ್ಟನ್‌ಗಳಿಗೆ ಒಂದೇ ಕ್ರ್ಯಾಂಕ್ ಪಿನ್ (ಪಿಸ್ಟನ್ನಿನ ಕೋಲು ತಿರುಗುದಂಡಕ್ಕೆ ಸೇರುವ ಜಾಗ), ಹಾಗಾಗಿ ಒಂದು ಹೊರಗೆ ಹೋದರೆ ಇನ್ನೊಂದು ಒಳಗೆ. ಬಾಕ್ಸರಿನಲ್ಲಿ ಪಿನ್ ಬೇರೆ ಬೇರೆ. ಎರಡೂ ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ, ಮುಷ್ಟಿಗೆ ಮುಷ್ಟಿ ಗುದ್ದಿದ ಹಾಗೆ. ‘ಎದುರುಬದುರು ಎಂಜಿನ್’ ಅನ್ನಬಹುದು.
–ನಾ.

ಹೀಗೆ ಟರ್ಬೊ, ಪಿನ್, ವಾಲ್ವ್ ಎಲ್ಲ ಎರವಲು ತಂದು ಕೊನೆಗೆ ‘ಎದುರುಬದುರು’ ಒಂದನ್ನು ಕನ್ನಡ ಮಾಡಿ ಏನು ಬಂತು?
–ಶಂ.

ಜಪಾನಿಯರು ಮಾಡಿದ್ದೂ ಅದೇ. ವ್ಯಾಗನ್, ಟರ್ಬೊ ಎಲ್ಲ ಕತಕಾನದಲ್ಲಿ (ಹೊರಗಿನ ಪದಗಳಿಗೆ ಅವರು ಬಳಸುವ ಲಿಪಿ) ಹಾಗೇ ಬರೆದರು. ಈ ಎಂಜಿನ್ನಿಗೆ ಮಾತ್ರ ‘ಸುಯ್‌ಹೇ ತಾಯ್‌ಕೋ’ ಅಂದರು, ಮಟ್ಟಸವಾಗಿ ಎದುರುಬದುರು ಎಂದು ಅರ್ಥ. ಯಾರ ಮಾನವೂ ಹೋಗಲಿಲ್ಲ.
–ಮಂ.

ಅದೂ ಚೀನಾದಿಂದ ತಂದ ಬೇರುಗಳು. ಅವರ ತತ್ಸಮ!
–ಶಂ.

ಸಾಕು, ವಂದನೆಗಳು. ಸ್ಟೇಷನ್ ವ್ಯಾಗನ್, ಸರದಿ ಟರ್ಬೊ, ಇಬ್ಬಾಯಿ ಟರ್ಬೊ, ಎದುರುಬದುರು ಎಂಜಿನ್ ಎಂದು ಕಳಿಸುತ್ತಿದ್ದೇನೆ. ಕೊನೆಯ ಸಾಲಿನಲ್ಲಿ ‘ಹಿಂದಿನ ಡಿಕ್ಕಿಯಿಂದ ಬಾಗಿಲು ಪೂರ್ತಿ ಮೇಲೆದ್ದು ನಿಲ್ಲುತ್ತದೆ’ ಅಂತಿದೆ, ಸರಿಯೇ?
–ವಿ.

ಅದು ಅಪಘಾತದ ವರದಿ. ‘ಹಿಂಬಾಗಿಲು’ ಅನ್ನಿ.
–ನಾ.