1.7 ಟನ್ ಹೊರುವ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವ ಯೋಚನೆಯಿದೆ, ಬಳಸಿದವರು ಅನುಭವ ತಿಳಿಸಿ

ಪ್ರಶ್ನೆ: ಶ್ರೀನಿವಾಸಪುರದ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಆರು ಎಕರೆಯಲ್ಲಿ ಟೊಮೆಟೊ ಮತ್ತು ಬೀನ್ಸ್ ಬೆಳೆಯುತ್ತೇವೆ. ಕೊಯ್ಲಿನ ದಿನಗಳಲ್ಲಿ ಬಾಡಿಗೆ ಗಾಡಿಗೆ ಕಾಯುವುದೇ ನಮಗೆ ದೊಡ್ಡ ಕಷ್ಟವಾಗಿದೆ. ಊರಿನ ಎಲ್ಲರ ತೋಟವೂ ಹೆಚ್ಚುಕಡಿಮೆ ಒಂದೇ ವಾರ ಹಣ್ಣಿಗೆ ಬರುವುದರಿಂದ ಗಾಡಿಯವರು ಮೊದಲು ಮಾತು ಕೊಟ್ಟವರ ಹೊಲಕ್ಕೆ ಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಕೋಲಾರದ ಎಪಿಎಂಸಿಯಲ್ಲಿ ಹರಾಜಿನ ಹೊತ್ತಿಗೆ ಮಾಲು ಇಳಿಯದಿದ್ದರೆ ಅಂದಿನ ಬೆಲೆ ಕೈತಪ್ಪಿಹೋಗುತ್ತದೆ. ಹೋದ ಹಂಗಾಮಿನಲ್ಲಿ ಎರಡು ಸಲ, ಕಿತ್ತ ಹಣ್ಣು ಕ್ರೇಟಿನಲ್ಲಿಯೇ ರಾತ್ರಿ ಕಳೆಯಿತು.

ಆದ್ದರಿಂದ ಸ್ವಂತಕ್ಕೊಂದು ಪಿಕಪ್ ಇರಲಿ ಎಂದು ತೀರ್ಮಾನಿಸಿದ್ದೇವೆ. ಹೊಸದನ್ನು ಕೊಳ್ಳುವ ಶಕ್ತಿ ನಮಗಿಲ್ಲ. ಪರಿಚಯದ ಬ್ರೋಕರ್ ಒಬ್ಬರು 2018ರ, ಬಿಎಸ್-4 ಹೊಗೆ ಮಾನದಂಡದ ಗಾಡಿಯೊಂದನ್ನು ತೋರಿಸಿದ್ದಾರೆ. ಮೀಟರ್ 1,38,000 ಕಿ.ಮೀ. ತೋರಿಸುತ್ತಿದೆ, ಇಬ್ಬರು ಮಾಲೀಕರ ಕೈ ದಾಟಿದೆ, 5.40 ಲಕ್ಷ ಕೇಳುತ್ತಿದ್ದಾರೆ. ಬಣ್ಣ, ಸೀಟು, ಟೈರು ಎಲ್ಲವೂ ಚೆನ್ನಾಗಿ ಕಾಣುತ್ತಿವೆ. ಇಷ್ಟು ಓಡಿದ ಗಾಡಿಯನ್ನು ನಂಬಬಹುದೇ, ಏನೇನು ನೋಡಬೇಕು, ಮತ್ತು ನಮ್ಮ 15 ಕೆ.ಜಿ. ಹಣ್ಣಿನ ಕ್ರೇಟುಗಳನ್ನು ಅದರಲ್ಲಿ ಎಷ್ಟು ಹೇರಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಬಾಡಿಗೆಯವರು 130–140 ಹೇರುವುದನ್ನು ನೋಡಿದ್ದೇನೆ.

ಉತ್ತರ 1: ದಾವಣಗೆರೆ ಗ್ಯಾರೇಜ್

ನಾನು 22 ವರ್ಷಗಳಿಂದ ಸಣ್ಣ ಗೂಡ್ಸ್ ಗಾಡಿಗಳ ಕೆಲಸ ಮಾಡುತ್ತಿದ್ದೇನೆ. ಮೊದಲಿಗೆ ಮೀಟರನ್ನು ಒಂದು ಪಕ್ಕಕ್ಕಿಡಿ. ಅದನ್ನು ಹಿಂದಕ್ಕೆ ತಿರುಗಿಸಿರಬಹುದು ಎಂಬುದು ಒಂದು ಕಾರಣವಾದರೆ, ಪಿಕಪ್‌ನ ಆಯಸ್ಸನ್ನು ತೀರ್ಮಾನಿಸುವುದು ಅದು ಓಡಿದ ದೂರಕ್ಕಿಂತ ಹೆಚ್ಚಾಗಿ ಹೊತ್ತ ಹೊರೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಎರಡು ಲಕ್ಷ ಕಿ.ಮೀ. ಬ್ರೆಡ್ಡು ಸಾಗಿಸಿದ ಗಾಡಿಯನ್ನು ಧೈರ್ಯವಾಗಿ ಕೊಳ್ಳಿ ಎಂದು ಗಿರಾಕಿಗಳಿಗೆ ಹೇಳಿದ್ದೇನೆ. ಅರವತ್ತು ಸಾವಿರವಷ್ಟೇ ಓಡಿ ಎಂ-ಸ್ಯಾಂಡ್ ಮತ್ತು ಸೈಜುಕಲ್ಲು ಹೊತ್ತ ಗಾಡಿಯ ಹತ್ತಿರ ಹೋಗಬೇಡಿ ಎಂದೂ ಹೇಳಿದ್ದೇನೆ. ಹಾಗಾಗಿ ಹಿಂದಿನ ಇಬ್ಬರು ಮಾಲೀಕರು ಯಾವ ವ್ಯಾಪಾರದವರು ಎಂಬುದನ್ನು ಮೊದಲು ವಿಚಾರಿಸಿ.

ಅವರು ಹೇಳದಿದ್ದರೂ ಗಾಡಿ ಹೇಳುತ್ತದೆ. ಹಿಂದಿನ ಚಕ್ರದ ಪಕ್ಕದಲ್ಲಿ ಕುಳಿತು ಕಮಾನು ಪಟ್ಟಿಗಳನ್ನು, ಅಂದರೆ ನಾವು ಪ್ಲೇಟು ಎನ್ನುವುದನ್ನು, ಒಂದೊಂದಾಗಿ ಎಣಿಸಿ. ಕಂಪನಿಯಿಂದ ಬಂದ ಪ್ಲೇಟುಗಳ ಅಂಚು, ದಪ್ಪ, ಹಳೆಯ ಬಣ್ಣ ಒಂದು ತೆರನಾಗಿರುತ್ತವೆ. ನಡುವೆ ಬೇರೆ ದಪ್ಪದ, ಬೇರೆ ತುಕ್ಕಿನ ಪ್ಲೇಟು ಸೇರಿದ್ದರೆ, ಪ್ಲೇಟುಗಳನ್ನು ಬಿಗಿಯುವ ಯು-ಬೋಲ್ಟಿನ ನಟ್ಟಿನಿಂದಾಚೆಗೆ ಬೋಲ್ಟಿನ ಮರೆ (ತಿರುಪಿನ ಗೆರೆ) ಉದ್ದವಾಗಿ ಹೊಸದಾಗಿ ಕಾಣುತ್ತಿದ್ದರೆ, ಆ ಗಾಡಿ ತನ್ನ ಅಳತೆ ಮೀರಿ ದುಡಿದಿದೆ ಎಂದು ತಿಳಿಯಿರಿ.

ಪ್ಲೇಟು ಸೇರಿಸಿದರೆ ಗಾಡಿ ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪ್ಲೇಟು ಬಗ್ಗದಿದ್ದರೆ ಗುಂಡಿಯ ಹೊಡೆತ ನೇರವಾಗಿ ಚಾಸಿಗೆ ಹೋಗುತ್ತದೆ. ಪ್ಲೇಟಿನ ಕಿವಿ ಕೂರುವ ಬ್ರಾಕೆಟಿನ ಸುತ್ತ ಬಿರುಕು ಬಿಡುವುದು ಹೀಗೆಯೇ. ಎರಡನೆಯದು ಬ್ರೇಕಿಗೆ ಸಂಬಂಧಿಸಿದ್ದು. ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ ಹೌಸಿಂಗಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗು ಇಟ್ಟು ಲೋಡ್ ಸೆನ್ಸಿಂಗ್ ವಾಲ್ವ್ ಜೋಡಿಸಿರುತ್ತಾರೆ. ಹೊರೆ ಬಿದ್ದು ಗಾಡಿಯ ಹಿಂಭಾಗ ತಗ್ಗಿದಷ್ಟೂ ಅದು ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಒತ್ತಡ ಬಿಡುತ್ತದೆ. ಹೆಚ್ಚುವರಿ ಪ್ಲೇಟು ಹಾಕಿದ ಮೇಲೆ ಎರಡು ಟನ್ ಹೇರಿದರೂ ಹಿಂಭಾಗ ತಗ್ಗುವುದಿಲ್ಲ; ವಾಲ್ವ್ ಗಾಡಿ ಇನ್ನೂ ಖಾಲಿಯಿದೆ ಎಂದೇ ತಿಳಿದು ಒತ್ತಡ ತಡೆಹಿಡಿಯುತ್ತದೆ. ಹೊರೆ ಹೆಚ್ಚಾದ ಹೊತ್ತಿನಲ್ಲಿಯೇ ಹಿಂದಿನ ಬ್ರೇಕ್ ಕಡಿಮೆಯಾಗುತ್ತದೆ. ಕೆಲವು ಗಾಡಿಗಳಲ್ಲಿ ಆ ಕಡ್ಡಿಯನ್ನೇ ತಂತಿಯಿಂದ ಬಿಗಿದು ಕಟ್ಟಿರುವುದನ್ನೂ ನೋಡಿದ್ದೇನೆ. ದಯವಿಟ್ಟು ಟಾರ್ಚ್ ಹಿಡಿದು ಕೆಳಗೆ ನೋಡಿ.

ಎಂಜಿನ್ನನ್ನು ತಣ್ಣಗಿದ್ದಾಗ ಸ್ಟಾರ್ಟ್ ಮಾಡಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿರುವುದು ಸಾಮಾನ್ಯ, ಆದ್ದರಿಂದ ಹೋದ ಕೂಡಲೇ ಬಾನೆಟ್ ಎತ್ತಿ ರೇಡಿಯೇಟರಿನ ಮೇಲೆ ಕೈಯಿಟ್ಟು ನೋಡಿ. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಹೊಗೆ ಬುಸುಗುಟ್ಟಿಕೊಂಡು ಒತ್ತಡದಿಂದ ಬರುತ್ತಿದ್ದರೆ ರಿಂಗು, ಬೋರು ಸವೆದಿವೆ. ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ನಿನ ಸದ್ದು ಮಾತ್ರ ಏರಿ ಗಾಡಿ ಏರದಿದ್ದರೆ ಕ್ಲಚ್ ಮುಗಿದಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 3219 ಎಂದಿದ್ದರೆ 2019ರ 32ನೇ ವಾರ ತಯಾರಾದದ್ದು ಎಂದರ್ಥ, ಹೊಳಪು ನೋಡಿ ಹೊಸದೆಂದುಕೊಳ್ಳಬೇಡಿ.

ಇನ್ನು ಕ್ರೇಟಿನ ಲೆಕ್ಕ. ಹಣ್ಣು 15 ಕೆ.ಜಿ., ಪ್ಲಾಸ್ಟಿಕ್ ಕ್ರೇಟು ಸುಮಾರು 2 ಕೆ.ಜಿ. ಎಂದು ಹಿಡಿದರೆ ನೂರಕ್ಕೆ 1,700 ಕೆ.ಜಿ. ಆಯಿತು, ಅಲ್ಲಿಗೆ ಆ ಗಾಡಿಯ ಮಿತಿ ಮುಗಿಯಿತು. 140 ಹೇರಿದರೆ 2,380 ಕೆ.ಜಿ. ಆಗುತ್ತದೆ. ನೀವು ನೋಡಿದ ಬಾಡಿಗೆ ಗಾಡಿಗಳು ನಾಳೆ ಯಾರಿಗೋ ಸೆಕೆಂಡ್ ಹ್ಯಾಂಡ್ ಆಗಿ ಬರುವ ಗಾಡಿಗಳೇ.

ಉತ್ತರ 2: ತೀರ್ಥಹಳ್ಳಿ ತೋಟದವನು

ಮೇಲಿನವರು ಹೊರೆಯ ಬಗ್ಗೆ ಹೇಳಿದ್ದಾರೆ. ನಾನು ಉಪ್ಪಿನ ಬಗ್ಗೆ ಹೇಳಲೇಬೇಕು. ಮೂರು ವರ್ಷದ ಹಿಂದೆ ಕರಾವಳಿಯ ಕಡೆಯಿಂದ ಬಂದ ಪಿಕಪ್ ಒಂದನ್ನು ಕೊಂಡೆ. ಹೊಸ ಬಣ್ಣ, ಹಿಂದಿನ ಬಾಡಿಯ ಮೇಲೆ ಹೊಸ ತಗಡು, ಒಳ್ಳೆಯ ಎಂಜಿನ್ನು. ಮನೆಗೆ ತಂದ ಮೇಲೆ, ಮಳೆ ಬಿದ್ದ ಮೊದಲ ದಿನ, ನೆನೆದ ಬಾಡಿಯಿಂದ ಮೀನಿನ ವಾಸನೆ ಬಂತು. ಮಂಜುಗಡ್ಡೆ ಕರಗಿ ಮೀನಿನ ಉಪ್ಪುನೀರಿನೊಂದಿಗೆ ಸೇರಿ, ತಳದ ತೂತುಗಳಿಂದ ವರ್ಷಗಟ್ಟಲೆ ಚಾಸಿಯ ಮೇಲೆ ಸುರಿದಿತ್ತು. ಆಗಲೂ ನನಗೆ ಅದರ ಅರ್ಥ ಹೊಳೆಯಲಿಲ್ಲ.

ಅರ್ಥವಾದದ್ದು ಆಗುಂಬೆ ಘಾಟಿಯಲ್ಲಿ. ಬಾಳೆಗೊನೆ ಹೇರಿಕೊಂಡು ಹೆಬ್ರಿ ಕಡೆಗೆ ಇಳಿಯುತ್ತಿದ್ದೆ. ಅಲ್ಲಿರುವುದು 14 ಕಡಿದಾದ ತಿರುವುಗಳು. ಅರ್ಧ ಇಳಿದಿರಬೇಕು, ಪೆಡಲ್ ಇದ್ದಕ್ಕಿದ್ದಂತೆ ಕೆಳಗೆ ಹೋಯಿತು. ಹೌಸಿಂಗಿನ ಕಡೆಗೆ ಹೋಗುವ ಬ್ರೇಕ್ ಪೈಪು ತುಕ್ಕು ತಿಂದು ತೂತಾಗಿ ಆಯಿಲ್ ಪೂರ್ತಿ ಚೆಲ್ಲಿತ್ತು. ಮುಂದಿನ ಚಕ್ರಗಳ ಬ್ರೇಕ್ ಬೇರೆ ದಾರಿಯದಾದ್ದರಿಂದ ಸ್ವಲ್ಪ ಹಿಡಿಯುತ್ತಿತ್ತು, ಎರಡನೇ ಗೇರಿನಲ್ಲಿದ್ದೆ, ಹ್ಯಾಂಡ್‌ಬ್ರೇಕ್ ಕೇಬಲ್ ಗಟ್ಟಿಯಿತ್ತು. ಎಡಗಡೆಯ ಧರೆಗೆ (ಮಣ್ಣಿನ ದಿಬ್ಬಕ್ಕೆ) ಉಜ್ಜಿಸಿ ನಿಲ್ಲಿಸಿದೆ. ಪಕ್ಕದಲ್ಲಿ ಹದಿನಾರು ವರ್ಷದ ಮಗ ಕುಳಿತಿದ್ದ. ಅವನು ಒಂದು ಮಾತನ್ನೂ ಆಡದೆ ಇಳಿದು ಚಕ್ರಕ್ಕೆ ಕಲ್ಲು ಇಟ್ಟದ್ದು ಇವತ್ತಿಗೂ ಕಣ್ಣ ಮುಂದಿದೆ.

ಆಮೇಲೆ ಎಲ್ಲ ಪೈಪುಗಳನ್ನೂ ಬದಲಿಸಿ, ಚಾಸಿಯ ಅಡ್ಡಪಟ್ಟಿ ಎರಡನ್ನು ಕತ್ತರಿಸಿ ಹೊಸದು ಕೂರಿಸಲು 46,000 ರೂಪಾಯಿ ಖರ್ಚಾಯಿತು. ಆದ್ದರಿಂದ ಗಾಡಿ ಎಲ್ಲಿ ಓಡಿತ್ತು ಎಂಬುದನ್ನು ನೋಂದಣಿ ಸಂಖ್ಯೆಯಿಂದಷ್ಟೇ ತೀರ್ಮಾನಿಸಬೇಡಿ. ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಖಣ್ ಎನ್ನುತ್ತದೆ, ಒಳಗೆ ತಿಂದಿದ್ದರೆ ಸದ್ದು ಮಂಕಾಗುತ್ತದೆ, ಒಳಗಿನಿಂದ ತುಕ್ಕಿನ ಹೊಟ್ಟು ಉದುರುತ್ತದೆ. ಹೊಸದಾಗಿ ಕಪ್ಪು ಬಣ್ಣ ಬಳಿದ ಚಾಸಿಯನ್ನು ಕಂಡರೆ ಇನ್ನೂ ಹೆಚ್ಚು ಹೊತ್ತು ತಟ್ಟಿ.

ಆ ಗಾಡಿ ಈಗಲೂ ನನ್ನ ಬಳಿಯೇ ಇದೆ. ಅಡಿಕೆ, ಗೊಬ್ಬರ, ಬಾಳೆ ಎಲ್ಲದಕ್ಕೂ ಅದೇ, ಚೆನ್ನಾಗಿಯೇ ದುಡಿಯುತ್ತಿದೆ.

ಉತ್ತರ 3: ತುಮಕೂರು ಓನರ್-ಡ್ರೈವರ್

ಕಾಗದಪತ್ರದ ವಿಷಯ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆರ್‌ಸಿಯಲ್ಲಿ ಗಾಡಿ, ಹೊರೆ ಎರಡೂ ಸೇರಿದ ಒಟ್ಟು ತೂಕದ ಅಂಕಿ ನೋಡಿ. ಅದು 3,000 ಕೆ.ಜಿ. ಮೀರದಿದ್ದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಬೇಕಿಲ್ಲ, ಮೀರಿದ್ದರೆ ಬೇಕು. 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿಗೆ ಲಘು ವಾಹನದ ಎಲ್‌ಎಂವಿ ಲೈಸೆನ್ಸೇ ಸಾಕು ಎಂಬುದನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ, ಹಾಗಾಗಿ ಆ ಚಿಂತೆ ನಿಮಗೆ ಬೇಡ. ಗೂಡ್ಸ್ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಯೋಗ್ಯತಾ ಪತ್ರ, ಅಂದರೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. 2018ರ ಗಾಡಿಗೆ ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗಾಡಿಯ ಮೇಲಿನ ಸಾಲ ತೀರಿದ್ದರೆ ಫೈನಾನ್ಸಿನವರ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸಲು ಬೇಕಾದ, ಸಹಿಯಾದ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ವರ್ಗಾವಣೆಯನ್ನು ಮುಂದೂಡಬೇಡಿ. ಬ್ರೋಕರುಗಳು ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಟ್ಟುಕೊಂಡು ಗಾಡಿ ಕೈಬದಲಾಯಿಸುತ್ತಲೇ ಇರುತ್ತಾರೆ. ಅಪಘಾತವಾದಾಗ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಆದ್ದರಿಂದ ಮಾರುವವರಿಗೂ ಇದು ಒಳ್ಳೆಯದಲ್ಲ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಹೆಚ್ಚು ಹೊರೆ ಸಿಕ್ಕಿಬಿದ್ದರೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಇನ್ನೊಂದು ಮಾತನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಕೊಯ್ಲಿಗೆ ಬರುವ ಹೆಣ್ಣಾಳುಗಳನ್ನು ಹಿಂದಿನ ಬಾಡಿಯಲ್ಲಿ ನಿಲ್ಲಿಸಿಕೊಂಡು ಹೋಗಬೇಡಿ. ಗೂಡ್ಸ್ ಗಾಡಿಯ ಬಾಡಿಯಲ್ಲಿ ಜನರನ್ನು ಕೂರಿಸುವುದು ಪಾಲಿಸಿಯ ಷರತ್ತನ್ನು ಮುರಿದಂತೆ. ಏನಾದರೂ ಆದರೆ ಅವರ ಮನೆಯವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ನಮ್ಮ ಪಕ್ಕದ ಹಳ್ಳಿಯಲ್ಲಿ ಅಂಥ ಎರಡು ಮನೆಗಳಿವೆ.

ಕೊನೆಗೆ ಒಂದು ಸುಲಭ ಪರೀಕ್ಷೆ: ಖಾಲಿ ಗಾಡಿಯನ್ನು ವೇಬ್ರಿಡ್ಜಿಗೆ ಏರಿಸಿ, ಆರ್‌ಸಿಯಲ್ಲಿರುವ ಖಾಲಿ ತೂಕದ ಜೊತೆ ಹೋಲಿಸಿ ನೋಡಿ.

ಪ್ರಶ್ನೆ ಕೇಳಿದವರ ಮರುಬರಹ: ಶ್ರೀನಿವಾಸಪುರದ ಬೆಳೆಗಾರ

ಮೂವರಿಗೂ ನಾನು ಋಣಿ. ಭಾನುವಾರ ತಮ್ಮನನ್ನೂ ಊರಿನ ಗ್ಯಾರೇಜ್ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಿದ್ದೆ. ರೇಡಿಯೇಟರ್ ಮುಟ್ಟಿದಾಗ ಬಿಸಿಯಾಗಿತ್ತು, ಎರಡು ಗಂಟೆ ಕಾದು ಮತ್ತೆ ಸ್ಟಾರ್ಟ್ ಮಾಡಿದೆವು. ಎಂಜಿನ್ನಿನಲ್ಲಿ ದೋಷ ಕಾಣಲಿಲ್ಲ. ವೇಬ್ರಿಡ್ಜಿನಲ್ಲಿ ಮಾತ್ರ ಆರ್‌ಸಿಯ ಖಾಲಿ ತೂಕಕ್ಕಿಂತ 160 ಕೆ.ಜಿ. ಹೆಚ್ಚು ಬಂತು. ಕೆಳಗೆ ಇಳಿದು ನೋಡಿದರೆ ಎರಡೂ ಪಕ್ಕ ಎರಡೆರಡು ಪ್ಲೇಟು ಸೇರಿಸಿದ್ದಾರೆ, ಬಾಡಿಯ ತಳಕ್ಕೆ ದಪ್ಪ ತಗಡು ಹೊಡೆದಿದ್ದಾರೆ. ಪ್ಲೇಟಿನ ತೂಕವೂ ತಗಡಿನ ತೂಕವೂ ಸೇರಿ ಪ್ರತಿ ಸಲ ನಮ್ಮ ಒಂಬತ್ತು ಕ್ರೇಟಿನ ಜಾಗ ತಿನ್ನುತ್ತವೆ ಎಂದು ತಮ್ಮ ಅಲ್ಲೇ ಲೆಕ್ಕ ಹಾಕಿದ. ಬಲಗಡೆಯ ಹಿಂದಿನ ಬ್ರಾಕೆಟಿನ ಬಳಿ ಬಣ್ಣವನ್ನು ಮೇಸ್ತ್ರಿ ಸ್ಕ್ರೂಡ್ರೈವರಿನಿಂದ ಕೆರೆದಾಗ, ಅಡಿಯಲ್ಲಿ ಬೆರಳುದ್ದದ ಹಳೆಯ ವೆಲ್ಡಿಂಗ್ ಸಿಕ್ಕಿತು. ವಿಚಾರಿಸಿದಾಗ ಮೊದಲ ಮಾಲೀಕರು ಕಲ್ಲುಕಂಬ ಸಾಗಿಸುತ್ತಿದ್ದರಂತೆ. ಬ್ರೋಕರ್ 40,000 ಇಳಿಸುತ್ತೇನೆಂದರು, ನಾವು ಒಪ್ಪಲಿಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುತ್ತಿದ್ದ ಇನ್ನೊಂದು ಗಾಡಿ ಇದೆಯೆಂದು ಸಂಬಂಧಿಕರೊಬ್ಬರು ಹೇಳಿದ್ದಾರೆ. ಅದು 1,90,000 ಕಿ.ಮೀ. ಓಡಿದೆ, ಬಣ್ಣ ಮಾಸಿದೆ, ಸೀಟು ಹರಿದಿದೆ. ಫೋಟೋದಲ್ಲಿ ಪ್ಲೇಟುಗಳೆಲ್ಲ ಒಂದೇ ಬಣ್ಣದಲ್ಲಿ ಕಾಣುತ್ತಿವೆ. ಗುರುವಾರ ಬೆಳಿಗ್ಗೆ ಸುತ್ತಿಗೆ, ಟಾರ್ಚು ತೆಗೆದುಕೊಂಡು ಹೊರಡುತ್ತಿದ್ದೇವೆ. ಆರ್‌ಸಿ ಪ್ರತಿಯನ್ನು ಮೊದಲೇ ತರಿಸಿಕೊಂಡಿದ್ದೇನೆ.